ಹಳ್ಳಿಯಲ್ಲಿ ಒಂದು ವರ್ಷ ಕೂರಲು ಸಂಬಳ ಕೊಡಿ

ಪಿಎಚ್‌ಡಿ ಮುಗಿದ ಮೇಲೂ ಜಾತ್ರೆ, ನಾಟಕ, ಉತ್ಸವ ಅಂತ ಊರೂರು ತಿರುಗುವವರಿಗೆ ತೆರಿಗೆ ಹಣದಲ್ಲಿ ಫೆಲೋಶಿಪ್ ಯಾಕೆ? ಓದಿಕೊಂಡವರೇ ಈ ಪ್ರಶ್ನೆ ಕೇಳುತ್ತಾರೆ, ಅದೂ ಎದೆಯುಬ್ಬಿಸಿಕೊಂಡು. ಭಾಷಣದಲ್ಲಿ ಹೆಮ್ಮೆಪಡಲು ಮಾತ್ರ ಇವರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬೇಕು.

ಶ್ರೀನಿವಾಸರು 1947ರಲ್ಲಿ ಡಿ.ಫಿಲ್ ಮುಗಿಸಿದರು. ಆಕ್ಸ್‌ಫರ್ಡ್ ಅವರನ್ನು ಉಪನ್ಯಾಸಕರಾಗಿ ನೇಮಿಸಿಕೊಂಡು, ಮೊದಲ ವರ್ಷ ಪಾಠ ಮಾಡುವ ಬದಲು ಹಳ್ಳಿಯಲ್ಲಿ ಇದ್ದು ಬರಲು ಬಿಟ್ಟಿತು. 1948ರಲ್ಲಿ ಅವರು ಮೈಸೂರು ಸೀಮೆಯ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆ ಹಳ್ಳಿಯ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದರೂ, ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಚುನಾವಣೆ ಬಂದಾಗಲೆಲ್ಲ ಟಿವಿಯಲ್ಲಿ ಕುಳಿತವರು ಆಡುವ ‘ಪ್ರಬಲ ಜಾತಿ’ ಎಂಬ ಮಾತಿನ ಬೇರು ಆ ಒಂದು ವರ್ಷದಲ್ಲಿದೆ. ಪಿಎಚ್‌ಡಿ ಆದವನಿಗೆ ಸಂಬಳ ಕೊಟ್ಟು ಹಳ್ಳಿಯಲ್ಲಿ ಕೂರಿಸಿದ್ದರ ಫಲ ಅದು.

ಈಗ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಹೋಬಳಿಗೆ ಬನ್ನಿ. ರಾಗಿ ಹೊಲದ ಪಕ್ಕದಲ್ಲೇ ಗೋದಾಮು, ಅದರಾಚೆ ಲೇಔಟು. ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಈ ತಾಲ್ಲೂಕಿನಲ್ಲೇ. ಆದರೂ ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ರಾತ್ರಿಯಿಡೀ ‘ಕುರುಕ್ಷೇತ್ರ’ ಆಡುತ್ತಾರೆ. ಪಾತ್ರಧಾರಿಗಳು ದುಡ್ಡು ಇಸಿದುಕೊಳ್ಳುವವರಲ್ಲ, ಕೈಯಿಂದ ಹಾಕುವವರು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯ ಕಲಿಸುತ್ತಾರೆ. ಡ್ರೆಸ್ಸು, ಸೀನರಿ ಬಾಡಿಗೆಗೆ ಬರುತ್ತವೆ. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬರುತ್ತಾರೆ. ಜಮೀನು ಹೋಗಿ ದುಡ್ಡು ಬಂದ ಮೇಲೆ ಗದೆ ಹಿಡಿಯುವವರು ಬದಲಾದರೇ? ಯಾವ ಕೇರಿಯವರಿಗೆ ಇನ್ನೂ ಪಾತ್ರ ಸಿಗುತ್ತಿಲ್ಲ? ಪಕ್ಕದ ಶೆಡ್ಡಿನಲ್ಲಿರುವ ಉತ್ತರದ ಕೂಲಿಯವನು ಈ ಊರಿನವನಾಗುವುದು ಯಾವಾಗ? ಒಂದು ದಿನ ಕಾರಿನಲ್ಲಿ ಬಂದು ಫಾರಂ ತುಂಬಿಸಿಕೊಂಡು ಹೋದವರಿಗೆ ಇದ್ಯಾವುದೂ ತಿಳಿಯುವುದಿಲ್ಲ. ತಾಲೀಮಿನ ಮನೆಯಲ್ಲಿ ಕೂರಬೇಕು, ಜಗಳ ಕೇಳಬೇಕು, ಮುಂದಿನ ವರ್ಷದ ನಾಟಕಕ್ಕೂ ಇರಬೇಕು.

ಹಾಗೆ ಇರಲು ಬಿಡುವವರು ಯಾರು? 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಮಾಡಿತು. ಐದು ವರ್ಷಕ್ಕೆ 50,000 ಕೋಟಿ ಎಂದು ಸರ್ಕಾರ ಹೇಳಿತು. ವಿಜ್ಞಾನ, ತಂತ್ರಜ್ಞಾನದ ನಂಟಿದ್ದರೆ ಮಾತ್ರ ಸಮಾಜವಿಜ್ಞಾನಕ್ಕೆ ಅಲ್ಲಿ ಜಾಗ. ಸೆಮಿಕಂಡಕ್ಟರ್ ದೇಶಸೇವೆ, ಜನರ ಬದುಕು ಅರಿಯುವುದು ಮಾತ್ರ ಕಾಲಹರಣ ಎಂದು ಸರ್ಕಾರಕ್ಕೆ ಹೇಳಿಕೊಟ್ಟವರು ಯಾರು?

ರಾಜ್ಯವೂ ಕಮ್ಮಿಯಿಲ್ಲ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅಂದಾಜು 420 ಕೋಟಿ ಎಂದರು, ಮೇಷ್ಟ್ರುಗಳ ಕೈಗೆ 60 ಪ್ರಶ್ನೆ ಕೊಟ್ಟು ಮನೆಮನೆಗೆ ಅಟ್ಟಿದರು. ಎಣಿಕೆ ಬೇಕು, ನಾನು ಅದರ ಪರ. ಆದರೆ ಎಣಿಸಿದ ಮೇಲೆ ಆ ಜನ ಹೇಗೆ ಬದುಕುತ್ತಾರೆ ಎಂದು ನೋಡಬೇಕಾದ ಸಮಾಜಶಾಸ್ತ್ರದ ಡಾಕ್ಟರೇಟ್ ಪಡೆದವರು ಎಲ್ಲಿದ್ದಾರೆ? ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ, ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲದೆ, ಬೆಳಿಗ್ಗೆ ಒಂದು ಊರು ಮಧ್ಯಾಹ್ನ ಇನ್ನೊಂದು ಊರು ಅಂತ ಬಸ್ಸು ಹತ್ತುತ್ತಿದ್ದಾರೆ. ಅವರನ್ನು ಅತಿಥಿ ಎಂದು ಕರೆದೇ ವರ್ಷಾನುಗಟ್ಟಲೆ ದುಡಿಸಿಕೊಳ್ಳುವ ಸರ್ಕಾರಕ್ಕೆ ಸಂಶೋಧನೆಯ ಗುಣಮಟ್ಟದ ಬಗ್ಗೆ ಮಾತಾಡುವ ಹಕ್ಕಿಲ್ಲ.

ಲೆಕ್ಕವೇ ಬೇಕೆನ್ನುವವರಿಗೆ ಲೆಕ್ಕ ಕೊಡುತ್ತೇನೆ. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಹೊಸಕೋಟೆಯಲ್ಲಿ ಹೋಬಳಿಗಳು 5. ಹೋಬಳಿಗೊಬ್ಬ ಸಂಶೋಧಕರನ್ನು ಆ ಸಂಬಳದಲ್ಲಿ ಇಡೀ ವರ್ಷ ಇರಿಸಿದರೂ 35 ಲಕ್ಷ ಮುಟ್ಟುವುದಿಲ್ಲ. ಮುಂದಿನ ಬಜೆಟ್ಟಿನಲ್ಲಿ ಈ ಹಣ ತೆಗೆದಿಡಿ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಮೂಲಕ ಕೊಡಿ, ತಿಂಗಳ ಮೊದಲ ವಾರದಲ್ಲೇ ಕೊಡಿ, ಜಡಿಗೇನಹಳ್ಳಿಯಿಂದ ಶುರುಮಾಡಿ.