ರೋಬೋ ಅಲ್ಲ, ರೋಬೋ ಬೊಂಬೆ!

ಮಕ್ಕಳೇ, ಜಪಾನಿನಲ್ಲಿ 1979ರಲ್ಲಿ ಬಂದ ಟಿ.ವಿ. ಕಾರ್ಟೂನಿನ ರೋಬೋ 'ಗನ್‌ಡಮ್'. 1980ರಿಂದ ಅದರ ಪ್ಲಾಸ್ಟಿಕ್ ಕಿಟ್‌ಗಳು ಮಾರಾಟಕ್ಕಿವೆ. ಕಥೆಯ 18 ಮೀಟರ್ ಎತ್ತರ 144 ಪಟ್ಟು ಕುಗ್ಗಿ 12.5 ಸೆಂಟಿಮೀಟರ್ ಆಗುತ್ತದೆ. ಪ್ರಮಾಣ ಕಲಿಯಲು ಒಳ್ಳೆಯ ಉದಾಹರಣೆ! ಈಗಿನ ಕಿಟ್‌ಗಳಿಗೆ ಅಂಟು ಬೇಡ. ಒತ್ತಿದರೆ ಭಾಗಗಳು ಕೂಡಿಕೊಳ್ಳುತ್ತವೆ. ಮೊಣಕಾಲು ನಮ್ಮ ಕೀಲಿನಂತೆ ಮಡಚುತ್ತದೆ.

ಕೊರತೆಗಳೂ ಇವೆ. ತೆಳುವಾದ ಭಾಗಗಳು ಬೇಗ ಮುರಿಯುತ್ತವೆ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಚೌಕಟ್ಟು ಕಸವಾಗುತ್ತದೆ. ಮುಖ್ಯವಾಗಿ, ಸಾಮಾನ್ಯ ಕಿಟ್‌ನಲ್ಲಿ ಮೋಟಾರಿಲ್ಲ, ಸಂವೇದಕವಿಲ್ಲ. ನಾವು ಎತ್ತಿದರಷ್ಟೇ ಕೈ ಏಳುತ್ತದೆ.

ಆದ್ದರಿಂದ ಕಿಟ್ ಇಲ್ಲವೆಂದು ಕೊರಗಬೇಡಿ. ಅದರಲ್ಲಿ ಯೋಚನೆ ಬೇರೆಯವರದು, ಜೋಡಣೆ ಮಾತ್ರ ನಮ್ಮದು. ರಟ್ಟಿನ ಪಟ್ಟಿಯನ್ನು ಎರಡು ಕಡೆ ಮಡಚಿ ಬೆರಳು ಮಾಡಿ. ಸ್ಟ್ರಾ ತುಂಡುಗಳನ್ನು ಅಂಟಿಸಿ, ದಾರ ಪೋಣಿಸಿ, ತುದಿಗೆ ಕಟ್ಟಿ ಎಳೆಯಿರಿ. ಬೆರಳು ಸರಿಯಾಗಿ ಬಾಗದಿದ್ದರೆ ಕಾರಣ ಹುಡುಕಿ. ನಿಜವಾದ ಕಲಿಕೆ ಅಲ್ಲಿದೆ.