ನೊರೆನೀರಿನ ದೋಣಿಗೆ ನೊರೆಯ ಗೋಡೆ

ಬಂಡೆಗಳ ನಡುವೆ ಭೋರ್ಗರೆಯುವ ನದಿಗಳಲ್ಲಿ ಕೆನೂ ಎಂಬ ಕಿರಿದಾದ ದೋಣಿಯನ್ನು ನಡೆಸುವುದು ಅಮೆರಿಕ ಮತ್ತು ಯೂರೋಪುಗಳಲ್ಲಿ ಜನಪ್ರಿಯವಾದ ಸಾಹಸಕ್ರೀಡೆ. ನೀರು ನುಗ್ಗದಂತೆ ಮೇಲುಹೊದಿಕೆಯಿರುವ ದೋಣಿಗಳ ಒಳಗೆ, ತಳದಿಂದ ಹೊದಿಕೆಯವರೆಗೆ ಮುಟ್ಟುವಂತೆ, ಪ್ಲಾಸ್ಟಿಕ್ ನೊರೆಯ ಗೋಡೆಯನ್ನು ನಡುಗೆರೆಯ ಉದ್ದಕ್ಕೆ ನಿಲ್ಲಿಸುವುದುಂಟು. ಇದು ದೋಣಿಯನ್ನು ತೇಲಿಸಲೆಂದೇ ಇದೆಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಗೋಡೆಯ ಮುಖ್ಯ ಕರ್ತವ್ಯವೇ ಬೇರೆ. ಅದನ್ನು ಮರೆತು, ಬೆಲೆ ಮತ್ತು ತೂಕಗಳನ್ನಷ್ಟೇ ನೋಡಿ ನೊರೆಯನ್ನು ಆರಿಸುವುದು ಅವಿವೇಕವೆಂದು ನನ್ನ ಅಭಿಪ್ರಾಯ.

ದೋಣಿಯು ಬಂಡೆಗೆ ಅಡ್ಡಲಾಗಿ ಸಿಕ್ಕಿಕೊಂಡಿತೆಂದು ಭಾವಿಸೋಣ. ಸೆಕೆಂಡಿಗೆ 3 ಮೀಟರ್ ವೇಗದ ಪ್ರವಾಹವು ಅದರ 1 ಚದರ ಮೀಟರ್ ಮೈಯನ್ನು ಸುಮಾರು 450 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ. ಆಗ ಹೊದಿಕೆ ಕುಸಿದರೆ ಒಳಗಿರುವವನ ಕಾಲುಗಳು ಸೆರೆಯಾಗುತ್ತವೆ. ಹೊರಬರುವ ದಾರಿ ಮುಚ್ಚುತ್ತದೆ. ಆ ಕುಸಿತವನ್ನು ತಡೆಯಬೇಕಾದ ಕಂಬವೇ ಈ ಗೋಡೆ.

ಹಾಗಾದರೆ ಯಾವ ನೊರೆ ತಕ್ಕದ್ದು? ಸ್ಪಂಜಿನಂತೆ ತೆರೆದ ಕೋಶಗಳುಳ್ಳದ್ದು ನೀರು ಹೀರಿ ಭಾರವಾಗುತ್ತದೆ. ಪಾಲಿಸ್ಟೈರೀನ್ ನೊರೆ ಅಗ್ಗ, ಹಗುರ, ಗಡುಸು. ಆದರೆ ಪೆಟ್ಟಿಗೆ ಬಿರಿದು ತುಂಡಾಗುವ ಸ್ವಭಾವದ್ದು. ಪಾಲಿಎಸ್ಟರ್ ರಾಳದಲ್ಲಿರುವ ಸ್ಟೈರೀನ್ ದ್ರವವು ಅದನ್ನು ಕರಗಿಸಿಯೂ ಬಿಡುತ್ತದೆ. ಮುಚ್ಚಿದ ಕೋಶಗಳ ಪಾಲಿಎಥಿಲೀನ್ ನೊರೆಯಾದರೋ ನೀರು ಹೀರದು. ಅದುಮಿದರೆ ಮುರಿಯದೆ ಮತ್ತೆ ಪುಟಿಯುತ್ತದೆ. ಇದರಲ್ಲಿಯೂ ಈಥಾಫೋಮ್ ಹೆಚ್ಚು ಗಡುಸು. ಮಿನಿಸೆಲ್ ನುಣುಪಾದ ಸಣ್ಣ ಕೋಶಗಳದ್ದಾಗಿ ಚಾಕು, ಅರಗಳಿಂದ ಕೆತ್ತಲು ಸುಲಭ. ಆದ್ದರಿಂದ ಮೊಣಕಾಲಿನ ಮೆತ್ತೆಗೆ ಮಿನಿಸೆಲ್, ಗೋಡೆಗೆ ಗಡುಸಾದ ನೊರೆ ಎಂಬ ವಿಭಾಗವೇ ಯುಕ್ತ.

ಆದರೂ ವಸ್ತುವೊಂದೇ ಸಾಲದು. ತೆಳ್ಳನೆಯ ಕಂಬವು ಜಜ್ಜಿಹೋಗುವುದಕ್ಕೆ ಮೊದಲೇ ಬಾಗಿ ಸೋಲುತ್ತದೆ; ಅದರ ಗಣಿತವನ್ನು ಆಯ್ಲರ್ 1744ರಲ್ಲಿಯೇ ಪ್ರಕಟಿಸಿದ್ದನು. ಗೋಡೆಯ ದಪ್ಪ ಇಮ್ಮಡಿಯಾದರೆ, ಬಾಗುವಿಕೆಯನ್ನು ಎದುರಿಸುವ ಅದರ ಬಿಗುವು ಎಂಟು ಮಡಿಯಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಷ್ಟು? ಘನಮೀಟರಿಗೆ 35 ಕಿಲೋಗ್ರಾಂ ತೂಗುವ ನೊರೆಯಲ್ಲಿ 1 ಮೀಟರ್ ಉದ್ದ, 30 ಸೆಂಟಿಮೀಟರ್ ಎತ್ತರದ ಗೋಡೆಯ ದಪ್ಪವನ್ನು 4 ಸೆಂಟಿಮೀಟರಿನಿಂದ 8ಕ್ಕೆ ಏರಿಸಿದರೆ ಹೆಚ್ಚುವ ತೂಕ ಕೇವಲ 420 ಗ್ರಾಂ! ಪ್ರಾಣದ ಎದುರಿಗೆ ಈ ತೂಕವನ್ನು ಲೆಕ್ಕಿಸುವುದು ಜಿಪುಣತನವಲ್ಲದೆ ಮತ್ತೇನು?

ಅಷ್ಟೇ ಅಗತ್ಯವಾದುದು ಗೋಡೆಯನ್ನು ಮೇಲೆಯೂ ಕೆಳಗೆಯೂ ಭದ್ರವಾಗಿ ಹಿಡಿದಿಡುವುದು. ಬುಡ ಜಾರಿದ ಗೋಡೆ, ಎಷ್ಟು ಒಳ್ಳೆಯ ನೊರೆಯದಾದರೂ, ದೋಣಿಯೊಳಗಿನ ಹೊರೆ ಮಾತ್ರ.

ಒಂದು ವಸ್ತು ಒಳ್ಳೆಯದೇ ಎಂಬ ಪ್ರಶ್ನೆ ಅಪೂರ್ಣವಾದುದು. ಅದು ಯಾವ ಕೆಲಸಕ್ಕೆ, ಯಾವ ಆಕಾರದಲ್ಲಿ, ಸೋಲುವಾಗ ಯಾವ ರೀತಿಯಲ್ಲಿ ಸೋಲುತ್ತದೆ ಎಂದು ಕೇಳುವುದನ್ನು ವಿದ್ಯಾರ್ಥಿಗಳು ರೂಢಿಮಾಡಿಕೊಳ್ಳಬೇಕು. ದೋಣಿಯ ಗೋಡೆಗೆ ಸಲ್ಲುವ ಈ ಪ್ರಶ್ನೆ ಮನೆಯ ತೊಲೆಗೂ ಸೇತುವೆಯ ಕಂಬಕ್ಕೂ ಸಲ್ಲುತ್ತದೆ.