ಸೈಕಲ್ಲಿನ ಗಾಲಿಗೆ ಸೀಸದ ಚೂರು ಏಕೆ?

ಕಾರಿನ ಗಾಲಿಗೆ ಮಾಡಿಸುವ ಬ್ಯಾಲೆನ್ಸಿಂಗನ್ನು ಸೈಕಲ್ಲಿನ ಗಾಲಿಗೂ ಮಾಡಿಸಬೇಕೆಂಬ ಮಾತು ಪುಣೆಯ ನಮ್ಮ ಸವಾರ ಮಿತ್ರರ ನಡುವೆ ಆಗಾಗ ಕೇಳಿಬರುತ್ತದೆ. ವಾಲ್ವಿನ ಎದುರು ಬದಿಗೆ ಸೀಸದ ಚೂರೊಂದನ್ನು ಅಂಟಿಸಿದರೆ ನಡುಕ ನಿಲ್ಲುತ್ತದೆ, ತುಳಿಯುವುದು ಹಗುರಾಗುತ್ತದೆ ಎಂಬುದು ಅವರ ನಂಬಿಕೆ. ದಿನವೂ ಕಚೇರಿಗೋ ಕಾಲೇಜಿಗೋ ಸೈಕಲ್ ತುಳಿಯುವವರಿಗೆ ಈ ಶ್ರಮ ವ್ಯರ್ಥವೆಂದು ನಾವು ಹೇಳುತ್ತೇವೆ. ಬರೀ ವ್ಯರ್ಥವಾಗಿದ್ದರೆ ಸುಮ್ಮನಿರಬಹುದಿತ್ತು. ಗಾಲಿಯ ನಿಜವಾದ ರೋಗವನ್ನು ಅದು ಮರೆಮಾಡುತ್ತದೆ ಎಂಬುದೇ ನಮ್ಮ ಆಕ್ಷೇಪ.

ಈ ನಂಬಿಕೆಗೆ ಕೊಡುವ ಮೊದಲ ಸಾಕ್ಷಿ ಅಂಗಡಿಯ ಸ್ಟ್ಯಾಂಡಿನದು. ಸೈಕಲ್ಲನ್ನು ನೆಲದಿಂದೆತ್ತಿ ನಿಲ್ಲಿಸಿ, ಪೆಡಲನ್ನು ಕೈಯಿಂದ ರಭಸವಾಗಿ ತಿರುಗಿಸುತ್ತಾರೆ, ಸೈಕಲ್ ಕುಣಿಯತೊಡಗುತ್ತದೆ. ನೋಡಿದವರು ಬೆಚ್ಚುವುದು ಸಹಜ. ಆದರೆ ಮುಂದೆ 50 ಹಲ್ಲು, ಹಿಂದೆ 11 ಹಲ್ಲಿನ ಗೇರಿನಲ್ಲಿ ಪೆಡಲನ್ನು ನಿಮಿಷಕ್ಕೆ 90 ಸುತ್ತು ತಿರುಗಿಸಿದರೆ ಗಾಲಿಯ ವೇಗ ಗಂಟೆಗೆ 50 ಕಿ.ಮೀ. ದಾಟುತ್ತದೆ. ಅದೂ ಸವಾರನ ಭಾರವಿಲ್ಲದೆ, ನೆಲದ ಆಸರೆಯಿಲ್ಲದೆ! ಲಕ್ಷ್ಮೀ ರಸ್ತೆಯ ಸಂದಣಿಯಲ್ಲಿ ಆ ವೇಗದಲ್ಲಿ ಸಾಗುವವರು ಯಾರು?

ಲೆಕ್ಕವನ್ನೇ ನೋಡೋಣ. ವಾಲ್ವಿನ ಕಡೆ 10 ಗ್ರಾಂ ಹೆಚ್ಚು ತೂಕವಿದೆಯೆಂದು ಇಟ್ಟುಕೊಳ್ಳೋಣ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಅದು ಗಾಲಿಯನ್ನು ಹೊರಕ್ಕೆ ಎಳೆಯುವ ಬಲ ಸುಮಾರು 70 ಗ್ರಾಂ ತೂಕಕ್ಕೆ ಸಮ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಇರುವಲ್ಲಿ, ಟಯರಿನ ಗಾಳಿಯೇ ನುಂಗಿಬಿಡುವ ಬಲವಿದು. ನಮ್ಮ ರಸ್ತೆಯ ಒಂದು ಕುಳಿ ಕೊಡುವ ಪೆಟ್ಟಿನ ಮುಂದೆ ಇದು ಯಾವ ಲೆಕ್ಕಕ್ಕೂ ಇಲ್ಲ.

ತುಳಿಯುವುದು ಹಗುರಾಗುತ್ತದೆಂಬ ವಾದಕ್ಕಂತೂ ಬುಡವೇ ಇಲ್ಲ. ಗಾಲಿಯ ಭಾರದ ಭಾಗವು ಮೇಲೇರುವಾಗ ಪಡೆದ ಶಕ್ತಿಯನ್ನು ಕೆಳಗಿಳಿಯುವಾಗ ಹಿಂದಿರುಗಿಸುತ್ತದೆ. ಒಂದು ಸುತ್ತಿನ ಕೊನೆಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಟಿಸಿದ ಸೀಸದ ಭಾರ ಮಾತ್ರ ಗಾಲಿಯಲ್ಲೇ ಉಳಿಯುತ್ತದೆ.

ಎತ್ತಿ ಹಿಡಿದ ಗಾಲಿಯನ್ನು ತಿರುಗಲು ಬಿಟ್ಟರೆ ಅದು ಅತ್ತಿತ್ತ ತೂಗಿ, ವಾಲ್ವು ಕೆಳಗೆ ಬಂದು ನಿಲ್ಲುತ್ತದೆ. ಇದನ್ನು ದೋಷವೆಂದು ತೋರಿಸುವವರಿದ್ದಾರೆ. ವಾಸ್ತವದಲ್ಲಿ ಇದು ಆರೋಗ್ಯದ ಲಕ್ಷಣ. ಅಷ್ಟು ಚಿಕ್ಕ ತೂಕಕ್ಕೂ ಗಾಲಿ ಸ್ಪಂದಿಸುತ್ತಿದೆಯೆಂದರೆ ಅಚ್ಚಿನ ಬೇರಿಂಗ್ ಗುಂಡುಗಳು ಸಲೀಸಾಗಿ ಉರುಳುತ್ತಿವೆ ಎಂದೇ ಅರ್ಥ. ಹಳೆಯ ಮೆಕ್ಯಾನಿಕ್ಕುಗಳು ಬೇರಿಂಗಿನ ಬಿಗಿಯನ್ನು ಪರೀಕ್ಷಿಸುತ್ತಿದ್ದದ್ದೂ ಹೀಗೆಯೇ.

ಹಾಗಾದರೆ ನಿತ್ಯದ ಸವಾರಿಯಲ್ಲಿ ಅನುಭವಕ್ಕೆ ಬರುವ ನಡುಕ ಎಲ್ಲಿಯದು? ಹೆಚ್ಚಿನ ಸಲ ರಿಮ್ಮು ಬೆಂಡಾಗಿರುತ್ತದೆ, ಇಲ್ಲವೇ ಟಯರು ರಿಮ್ಮಿನಲ್ಲಿ ಸುತ್ತಲೂ ಸಮವಾಗಿ ಕೂತಿರುವುದಿಲ್ಲ. ಕೆಲವೊಮ್ಮೆ ಅಚ್ಚು ಸಡಿಲವಾಗಿರುತ್ತದೆ. ಬೆಂಡಾದ ರಿಮ್ಮು ಬ್ರೇಕಿನ ರಬ್ಬರಿಗೆ ಉಜ್ಜುತ್ತದೆ. ಬಿಗಿ ತಪ್ಪಿದ ಕಡ್ಡಿಗಳು ದಣಿದು ಒಂದೊಂದಾಗಿ ಮುರಿಯುತ್ತವೆ. ಇವುಗಳಲ್ಲಿ ಯಾವುದನ್ನೂ ಸೀಸದ ಚೂರು ಸರಿಪಡಿಸಲಾರದು. ಆದರೂ ಅದನ್ನು ಅಂಟಿಸಿಕೊಂಡವರು ಗಾಲಿ ಸರಿಯಾಯಿತೆಂಬ ನೆಮ್ಮದಿಯಲ್ಲಿ ರಸ್ತೆಗಿಳಿಯುತ್ತಾರೆ. ಅಪಾಯವಿರುವುದು ಆ ನೆಮ್ಮದಿಯಲ್ಲಿ. ತೂಕ ಏರುಪೇರಾಗುತ್ತದೆಂದು ಕಡ್ಡಿಗಳ ನಡುವಿನ ರಿಫ್ಲೆಕ್ಟರನ್ನೇ ಕಿತ್ತೆಸೆಯುವುದು ಇನ್ನೂ ದೊಡ್ಡ ಅವಿವೇಕ. ಕತ್ತಲಲ್ಲಿ ಪಕ್ಕದಿಂದ ಬರುವ ವಾಹನಕ್ಕೆ ನಾವು ಕಾಣಿಸುವುದೇ ಅದರಿಂದ. ಸಮತೂಕದ ಹಂಬಲ ತೀರದಿದ್ದರೆ ಅದನ್ನೇ ವಾಲ್ವಿನ ಎದುರು ಬದಿಗೆ ಕಟ್ಟಲಿ. ಖರ್ಚಿಲ್ಲದೆ ಎರಡೂ ಕೆಲಸವಾದೀತು.

ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಸಿಂಹಗಡದ ಇಳಿಜಾರಿನಲ್ಲಿ ಗಂಟೆಗೆ 54 ಕಿ.ಮೀ. ಮುಟ್ಟಿದವನಿಗೆ ಅದೇ 10 ಗ್ರಾಂ ಒಂಬತ್ತು ಪಟ್ಟು ಬಲ ತೋರುತ್ತದೆ. ಎಂದರೆ ಸುಮಾರು 630 ಗ್ರಾಂ ತೂಕದಷ್ಟು. ಹಗುರವಾದ ರೇಸಿಂಗ್ ಸೈಕಲ್ಲಿನಲ್ಲಿ ಘಟ್ಟ ಇಳಿಯುವವರಿಗೆ ಅದು ಕೈಗೆ ತಿಳಿದೀತು. ಅಂಥವರು ಮಾಡಿಸಿಕೊಳ್ಳಲಿ. ಆದರೆ ಅವರೂ ಮೊದಲು ಬೆಂಡು ತೆಗೆಸಿ, ಆಮೇಲೆ ತೂಕದ ಯೋಚನೆ ಮಾಡಬೇಕು.

ಆ ಮೊದಲ ಕೆಲಸ ಬಲ್ಲವರು ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆನಿಸಿದ್ದ ಪುಣೆಯಲ್ಲಿ ಇನ್ನೂ ಇದ್ದಾರೆ. ಗಾಲಿಯನ್ನು ತಿರುಗಿಸಿ, ಒಂದೇ ಪಕ್ಕದ ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟಿ, ನಾದ ಇಳಿದಲ್ಲಿ ಕಾಲು ಸುತ್ತು ಬಿಗಿಮಾಡಿ, ಒಂದು ಮಿಲಿಮೀಟರಿನ ಓಲಾಟವನ್ನೂ ಕಣ್ಣಳತೆಯಲ್ಲೇ ಹಿಡಿಯುವ ಕಸುಬುದಾರರು ಅವರು. ಸೀಸ ಅಂಟಿಸುವ ಅಂಗಡಿಗೆ ಕೇಳಿದಷ್ಟು ತೆತ್ತು ಬರುವ ನಾವು, ಇವರ ಮುಂದೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಈ ಕೈಗಳು ಕಸುಬು ಬಿಟ್ಟ ದಿನ ಗಾಲಿ ನೇರಮಾಡಿಸಿಕೊಳ್ಳಲು ಯಾರ ಬಳಿಗೆ ಹೋಗುತ್ತೇವೆ? ಬ್ಯಾಲೆನ್ಸಿಂಗಿಗೆಂದು ತೆಗೆದಿಟ್ಟ ಹಣವನ್ನು ಅವರಿಗೆ ಕೊಡೋಣ, ಚೌಕಾಸಿಯಿಲ್ಲದೆ.